ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ತಂಗಿಯ ಬಾಣಂತನಕ್ಕೆಂದು ನಮ್ಮ ತಾಯಿಯವರು ಕ್ಯಾಲಿಫೋರ್ನಿಯಕ್ಕೆ ಹೊರಟು ನಿಂತಾಗ ನನಗೊಂದು ಪೇಚಾಟ ಒದಗಿತು. ಅವರು ಅದುವರೆಗೆ ವಿಮಾನವನ್ನೇ ಹತ್ತಿದವರಲ್ಲ. ಚಟ್ನಿಪುಡಿ, ಉಪ್ಪಿನಕಾಯಿ, ಬಾಣಂತಿ ಲೇಹ್ಯಗಳನ್ನು ತುಂಬಿದ ಪೆಟ್ಟಿಗೆಯನ್ನು ಮೂರನೆಯ ಸಲ ತೂಗಿ ನೋಡುತ್ತಿದ್ದವರು, ಇದ್ದಕ್ಕಿದ್ದಂತೆ ತಲೆಯೆತ್ತಿ, “ಅಲ್ಲಪ್ಪಾ, ಅಲ್ಲಿಗೆ ಎಷ್ಟು ದೂರವಾಗುತ್ತದೆ? ಎಷ್ಟು ಹೊತ್ತು ಕೂತಿರಬೇಕು?” ಎಂದು ಕೇಳಿದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಗನು ಇಷ್ಟಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡಬಲ್ಲನೆಂದು ಅವರ ನಂಬಿಕೆ. ನಾನು ಬಾಯಿ ತೆರೆದೆನು; ಆದರೆ ಯಾವ ಅಂಕಿಯನ್ನು ಹೇಳುವುದೆಂದು ತೋರದೆ ಸುಮ್ಮನಾದೆನು.

ಕಾರಣವಿಷ್ಟೆ. ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೋಗೂ ನಡುವೆ ಎಲ್ಲಿಯೂ ಇಳಿಯದೆ ಹಾರುವ ಏರ್ ಇಂಡಿಯಾ ಸಂಸ್ಥೆಯ ಮೊದಲ ವಿಮಾನವು ೨೦೨೧ನೆಯ ಇಸವಿ ಜನವರಿ ೯ರಂದು ಆ ನಗರದಿಂದ ಹೊರಟು ಉತ್ತರಧ್ರುವ ಪ್ರದೇಶದ ಮೇಲಾಗಿ ನಮ್ಮೂರಿಗೆ ಬಂದಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿಕೊಂಡು ಬಂದುದರಿಂದ ಪತ್ರಿಕೆಗಳೆಲ್ಲವೂ ಸುದ್ದಿಯನ್ನು ವಿವರವಾಗಿ ಪ್ರಕಟಿಸಿದುವು. ಒಂದು ಕಡೆ ಈ ಎರಡು ನಿಲ್ದಾಣಗಳ ಅಂತರ ೧೩,೯೯೩ ಕಿಲೋಮೀಟರು ಎಂದಿದ್ದಿತು. ಇನ್ನೊಂದು ಕಡೆ ವಿಮಾನವು ಸುಮಾರು ೧೬,೦೦೦ ಕಿಲೋಮೀಟರು ಹಾರಿತೆಂದಿದ್ದಿತು. ಬೆಂಗಳೂರಿನಿಂದ ದೆಹಲಿಗೆ ಇರುವ ದೂರಕ್ಕಿಂತಲೂ ಹೆಚ್ಚಿನ ವ್ಯತ್ಯಾಸವಿದು! ಇನ್ನು ಕಾಲದ ವಿಷಯ. ಆ ವಾರದ ವೇಳಾಪಟ್ಟಿಯಂತೆ ಸಾನ್ ಫ್ರಾನ್ಸಿಸ್ಕೋದಿಂದ ಶನಿವಾರ ರಾತ್ರಿ ೮-೩೦ಕ್ಕೆ ಹೊರಟ ವಿಮಾನ ಬೆಂಗಳೂರನ್ನು ಮುಟ್ಟಬೇಕಾದುದು ಸೋಮವಾರ ಬೆಳಗಿನ ಜಾವ ೩-೪೫ಕ್ಕೆ. ಬೆಂಗಳೂರಿನಿಂದ ಮಧ್ಯಾಹ್ನ ೨-೩೦ಕ್ಕೆ ಹೊರಡುವ ವಿಮಾನವಾದರೋ ಅದೇ ದಿನ ಸಂಜೆ ೫ ಗಂಟೆಗೆ ಸಾನ್ ಫ್ರಾನ್ಸಿಸ್ಕೋದಲ್ಲಿ! ಗೋಡೆಯ ಗಡಿಯಾರಗಳನ್ನು ನಂಬಿದರೆ ಹೋಗಲು ಎರಡೂವರೆ ಗಂಟೆ, ಬರಲು ಮೂವತ್ತೊಂದೂಕಾಲು ಗಂಟೆ. ಎರಡು ಊರುಗಳ ಕಾಲಮಾನಗಳಿಗೆ ಚಳಿಗಾಲದಲ್ಲಿ ಇರುವ ಹದಿಮೂರೂವರೆ ಗಂಟೆಯ ಅಂತರವನ್ನು ಕೂಡಿಸಿ ಕಳೆದರೆ ಹೋಗುವುದಕ್ಕೆ ೧೬ ಗಂಟೆ, ಬರುವುದಕ್ಕೆ ೧೭ ಗಂಟೆ ೪೫ ನಿಮಿಷ ಎಂದಾಗುವುದು. ಆದರೂ ವ್ಯತ್ಯಾಸ ಉಳಿದೇ ಉಳಿಯಿತು. ಹೋದ ದಾರಿಗೂ ಬಂದ ದಾರಿಗೂ ಒಂದೂಮುಕ್ಕಾಲು ಗಂಟೆಯ ಭೇದವೇಕೆ?

(ವಿಮಾನಗಳ ವೇಳಾಪಟ್ಟಿ ಕಾಲಕಾಲಕ್ಕೆ ಬದಲಾಗುವಂತಹುದು, ಸೇವೆಗಳೂ ಆರಂಭವಾಗಿ ನಿಲ್ಲುವುವು. ಇಲ್ಲಿ ಕೊಟ್ಟಿರುವುದು ೨೦೨೧ರ ಜನವರಿಯ ಲೆಕ್ಕವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.)

ಮೊದಲು ದೂರವನ್ನು ವಿಚಾರಿಸೋಣ. ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋವರೆಗೆ ಒಂದು ಸರಳರೇಖೆಯನ್ನು ಎಳೆದರೆ ಅದು ಬಂಗಾಳಕೊಲ್ಲಿ, ಬರ್ಮಾ, ಫಿಲಿಪ್ಪೀನ್ಸ್‌ನ ಉತ್ತರದ ಕಡಲು ಇವನ್ನು ಹಾಯ್ದು ಶಾಂತಸಾಗರವನ್ನು ಅಡ್ಡವಾಗಿ ದಾಟುವುದು. ಇದು ಅತಿ ಹತ್ತಿರದ ದಾರಿ ಎಂದು ತೋರುವುದಷ್ಟೆ; ನಿಜವಾದ ಹತ್ತಿರದ ದಾರಿಗಿಂತ ಇದು ೨,೦೦೦ ಕಿಲೋಮೀಟರಿಗೂ ಹೆಚ್ಚು ಉದ್ದ. ಉರುಟಾದ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಬಿಡಿಸುವಾಗ ಉತ್ತರ ದಕ್ಷಿಣದ ಪ್ರದೇಶಗಳನ್ನು ಹಿಗ್ಗಲಿಸಿದುದರ ಫಲವಿದು. ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಹಳೆಯ ಭೂಗೋಳವಿದೆ. ಅದರ ಮೇಲೆ ಎರಡು ಊರುಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿಯಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನೂಲು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಜಾರಿ ನಿಲ್ಲುವುದನ್ನು ಕಂಡು ಪ್ರತಿವರ್ಷವೂ ಯಾರಾದರೊಬ್ಬರು ಅದನ್ನು ಮತ್ತೆ ಕೆಳಕ್ಕೆ ಎಳೆದು ಸರಿಪಡಿಸಲು ನೋಡುವರು! ಅದು ಮತ್ತೆ ಮೇಲಕ್ಕೇ ಜಾರುವುದು.

ಆ ನೂಲು ಕುಳಿತ ರೇಖೆಯೇ ಮಹಾವೃತ್ತದ ಚಾಪ. ಭೂಮಿಯ ಕೇಂದ್ರದ ಮೂಲಕ ಹಾಯುವ ಸಮತಲವೊಂದು ಗೋಳವನ್ನು ಕತ್ತರಿಸಿದರೆ ಮೇಲ್ಮೈಯಲ್ಲಿ ದೊರೆಯುವ ವೃತ್ತವೇ ಮಹಾವೃತ್ತ. ಗೋಳದ ಮೇಲಿನ ಯಾವ ಎರಡು ಬಿಂದುಗಳಿಗೂ ಅತಿ ಕಡಿಮೆ ಅಂತರವಿರುವುದು ಇದರ ಮೇಲೆಯೇ. ತ್ರಿಕೋಣಮಿತಿಯನ್ನು ಕಲಿತ ವಿದ್ಯಾರ್ಥಿಗಳು ಈ ದೂರವನ್ನು ತಾವೇ ಲೆಕ್ಕ ಹಾಕಬಹುದು. ಬೆಂಗಳೂರಿನ ನಿಲ್ದಾಣವು ೧೩.೨° ಉತ್ತರ ಅಕ್ಷಾಂಶ, ೭೭.೭° ಪೂರ್ವ ರೇಖಾಂಶದಲ್ಲಿದೆ. ಸಾನ್ ಫ್ರಾನ್ಸಿಸ್ಕೋದ್ದು ೩೭.೬° ಉತ್ತರ, ೧೨೨.೪° ಪಶ್ಚಿಮ. ರೇಖಾಂಶಗಳ ಅಂತರ ಚಿಕ್ಕ ಮಗ್ಗುಲಲ್ಲಿ ೧೫೯.೯°. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿರಿ: ೦.೧೩೯. ಅವುಗಳ ಕೊಸೈನ್‌ಗಳನ್ನೂ ರೇಖಾಂಶಗಳ ಅಂತರದ ಕೊಸೈನನ್ನೂ ಒಟ್ಟಿಗೆ ಗುಣಿಸಿರಿ: −೦.೭೨೪. ಎರಡನ್ನೂ ಕೂಡಿಸಿದರೆ −೦.೫೮೫. ಯಾವ ಕೋನದ ಕೊಸೈನ್ ಇಷ್ಟಾಗುವುದೋ ಅದೇ ಭೂಮಿಯ ಕೇಂದ್ರದಲ್ಲಿ ಎರಡು ಊರುಗಳು ಮಾಡುವ ಕೋನ: ೧೨೫.೮°. ಭೂಮಿಯ ಮೇಲೆ ಒಂದು ಡಿಗ್ರಿಗೆ ೧೧೧.೨ ಕಿಲೋಮೀಟರಿನಂತೆ ೧೩,೯೮೯ ಕಿಲೋಮೀಟರು ಬರುವುದು. ಪತ್ರಿಕೆಯ ೧೩,೯೯೩ಕ್ಕೂ ಇದಕ್ಕೂ ನಾಲ್ಕೇ ಕಿಲೋಮೀಟರಿನ ಭೇದ. ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನಕ್ಕೆ ವೃತ್ತವೇ ಸ್ವಲ್ಪ ದೊಡ್ಡದಾಗಿ ಇಪ್ಪತ್ತನಾಲ್ಕು ಕಿಲೋಮೀಟರು ಹೆಚ್ಚಾದೀತು, ಅದನ್ನು ಬಿಟ್ಟುಬಿಡೋಣ.

ಈ ನೂಲಿನ ದಾರಿ ಎಲ್ಲೆಲ್ಲಿ ಹಾಯುವುದೆಂದು ಲೆಕ್ಕ ಹಾಕಿ ನೋಡಿದಾಗ ನನಗೇ ಬೆರಗಾಯಿತು. ಬೆಂಗಳೂರನ್ನು ಬಿಟ್ಟ ರೇಖೆಯು ಉತ್ತರಕ್ಕೆ ಕೊಂಚ ಪೂರ್ವವಾಗಿ ಸಾಗಿ ನೇಪಾಳದಲ್ಲಿ ಅನ್ನಪೂರ್ಣಾ ಶಿಖರದ ಹತ್ತಿರ ಹಿಮಾಲಯವನ್ನೇರುವುದು. ಟಿಬೆಟ್ಟನ್ನೂ ಸೈಬೀರಿಯವನ್ನೂ ದಾಟಿ ೭೧ನೆಯ ಅಕ್ಷಾಂಶದಲ್ಲಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುವುದು. ಅಲ್ಲಿಂದ ಬಾಗಿ ಇಳಿಯುತ್ತ ಅಲಾಸ್ಕದಲ್ಲಿ ಉತ್ತರ ಅಮೆರಿಕದ ಅತ್ಯುನ್ನತ ಶಿಖರವಾದ ಡೆನಾಲಿಯ ಸಮೀಪ ಹಾಯುವುದು. ಇನ್ನೂ ಒಂದು ಸ್ವಾರಸ್ಯವುಂಟು. ಸಾಕ್ಷಾತ್ ಧ್ರುವಬಿಂದುವಿನ ಮೇಲೆಯೇ ಹೋದರೆ ಎಷ್ಟಾದೀತು? ಬೆಂಗಳೂರಿನಿಂದ ಧ್ರುವಕ್ಕೆ ೭೬.೮°, ಅಲ್ಲಿಂದ ಸಾನ್ ಫ್ರಾನ್ಸಿಸ್ಕೋಗೆ ೫೨.೪°, ಕೂಡಿಸಿದರೆ ೧೨೯.೨°, ಎಂದರೆ ೧೪,೩೬೭ ಕಿಲೋಮೀಟರು. ಭೂಮಿಯ ನೆತ್ತಿಯನ್ನೇ ಮುಟ್ಟಿ ಬಂದರೂ ಹೆಚ್ಚಾಗುವುದು ೩೭೮ ಕಿಲೋಮೀಟರು ಮಾತ್ರ! ಧ್ರುವದ ದಾರಿಯನ್ನು ಹಿಡಿಯುವುದು ಸಾಹಸಪ್ರದರ್ಶನಕ್ಕಲ್ಲವೆಂಬುದು ಇದರಿಂದ ವೇದ್ಯವಾಗುವುದು. ೧೯೫೪ರ ನವೆಂಬರಿನಲ್ಲಿಯೇ ಸ್ಕ್ಯಾಂಡಿನೇವಿಯದ ವಿಮಾನಸಂಸ್ಥೆಯೊಂದು ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲೀಸಿಗೆ ಗ್ರೀನ್‌ಲೆಂಡಿನ ಮೇಲಾಗಿ ಇಂಥ ಉತ್ತರದ ದಾರಿಯಲ್ಲಿ ನಿಯತ ಸೇವೆಯನ್ನು ಆರಂಭಿಸಿದ್ದಿತು.

ಹಾಗಾದರೆ ವಿಮಾನಗಳು ನೂಲಿನ ದಾರಿಯಲ್ಲಿಯೇ ಏಕೆ ಹೋಗುವುದಿಲ್ಲ? ಟಿಬೆಟ್ ಪ್ರಸ್ಥಭೂಮಿಯನ್ನು ಎತ್ತಿಕೊಳ್ಳಿ. ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನಕ್ಕೆ ನಾಲ್ಕೂವರೆ ಕಿಲೋಮೀಟರಿನ ನೆಲ ಎಂತು ಅಡ್ಡಿಯಾದೀತೆಂದು ನೀವು ಕೇಳಬಹುದು. ವಿಮಾನದ ಒಳಗೆ ಗಾಳಿಯನ್ನು ಒತ್ತಿ ತುಂಬಿರುವುದರಿಂದಲೇ ಪ್ರಯಾಣಿಕರು ಅಲ್ಲಿ ಉಸಿರಾಡುವರು. ಯಾವುದೋ ಕಾರಣದಿಂದ ಆ ಒತ್ತಡ ಸೋರಿಹೋದರೆ ತಲೆಯ ಮೇಲಿಂದ ಆಮ್ಲಜನಕದ ಮುಖವಾಡಗಳು ಇಳಿಬೀಳುವುವು. ಆದರೆ ಅವು ಸಾಮಾನ್ಯವಾಗಿ ಕಾಲು ಗಂಟೆಯಷ್ಟು ಹೊತ್ತಿಗೆ ಮಾತ್ರ ಸಾಕಾಗುವುವು. ಅಷ್ಟರೊಳಗೆ ಚಾಲಕರು ಸುಮಾರು ಮೂರು ಕಿಲೋಮೀಟರು ಎತ್ತರಕ್ಕೆ ಇಳಿಯಬೇಕು. ನೆಲವೇ ನಾಲ್ಕೂವರೆ ಕಿಲೋಮೀಟರು ಎತ್ತರವಿರುವಲ್ಲಿ ಇಳಿಯುವುದೆಲ್ಲಿಗೆ? ಆದುದರಿಂದ ದೂರಪ್ರಯಾಣದ ವಿಮಾನಗಳು ಆ ಪ್ರದೇಶವನ್ನು ಬಹುಮಟ್ಟಿಗೆ ಬಳಸಿಕೊಂಡೇ ಹೋಗುವುವು. ಇದಲ್ಲದೆ, ಯಾವ ದೇಶದ ಆಕಾಶದಲ್ಲಿ ಯಾರಿಗೆ ಪ್ರವೇಶವುಂಟು, ಎಲ್ಲಿ ಯುದ್ಧ ನಡೆಯುತ್ತಿದೆ ಎಂಬುದೂ ದಾರಿಯನ್ನು ಬಾಗಿಸುವುದು. ಪತ್ರಿಕೆಯ ೧೬,೦೦೦ ಕಿಲೋಮೀಟರು ಇಂತಹ ಬಾಗು ಬಳಸುಗಳೆಲ್ಲ ಸೇರಿದ ದಾರಿಯದು.

ಎರಡೇ ಎಂಜಿನ್ನುಗಳ ವಿಮಾನಕ್ಕೆ ಇನ್ನೊಂದು ಕಟ್ಟುಪಾಡುಂಟು. ಒಂದು ಎಂಜಿನ್ ಕೆಟ್ಟರೆ ಉಳಿದೊಂದರಿಂದ ಗೊತ್ತಾದ ಕಾಲದೊಳಗೆ ಸೇರಬಲ್ಲ ನಿಲ್ದಾಣವೊಂದು ದಾರಿಯುದ್ದಕ್ಕೂ ಇರಬೇಕು. ೧೯೫೩ರಲ್ಲಿ ಅಮೆರಿಕದ ನಿಯಮವು ಈ ಕಾಲವನ್ನು ಒಂದು ಗಂಟೆ ಎಂದು ವಿಧಿಸಿದ್ದಿತು; ಎಂಜಿನ್ನುಗಳು ನೆಚ್ಚಿಕೆಗೆ ಯೋಗ್ಯವಾದಂತೆಲ್ಲ ೧೯೮೫ರಲ್ಲಿ ಎರಡು ಗಂಟೆಯಾಗಿ, ಅನಂತರ ಇನ್ನೂ ಹೆಚ್ಚಿತು. ಇದು ಕಾಗದದ ಮೇಲಿನ ನಿಯಮ ಮಾತ್ರವಲ್ಲವೆಂಬುದಕ್ಕೆ ಈಚಿನ ನಿದರ್ಶನವೇ ಇದೆ. ೨೦೨೩ರ ಜೂನ್ ೬ರಂದು ದೆಹಲಿಯಿಂದ ಸಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್ನಿನಲ್ಲಿ ದೋಷ ತೋರಲು, ೨೧೬ ಪ್ರಯಾಣಿಕರನ್ನೂ ೧೬ ಸಿಬ್ಬಂದಿಯನ್ನೂ ಹೊತ್ತು ಅದು ರಷ್ಯದ ಪೂರ್ವದ ಅಂಚಿನಲ್ಲಿರುವ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಎರಡು ದಿನಗಳ ತರುವಾಯ ಬೇರೆ ವಿಮಾನ ಹೋಗಿ ಅವರನ್ನು ಗುರಿ ಮುಟ್ಟಿಸಿತು. ಆ ವೇಳೆಗೆ ನಮ್ಮ ತಾಯಿಯವರು ಹಿಂದಿರುಗಿ ಬಂದಿದ್ದರು. ಸುದ್ದಿಯನ್ನು ಕೇಳಿದೊಡನೆ ನನಗೆ ಫೋನು ಮಾಡಿ, “ಆ ಊರು ನಿನ್ನ ಗೋಳದಲ್ಲಿ ಎಲ್ಲಿದೆಯೋ? ನಾನೂ ಅದರ ಮೇಲೆಯೇ ಹೋಗಿದ್ದೆನೆ?” ಎಂದು ವಿಚಾರಿಸಿದರು.

ಇನ್ನು ಕಾಲದ ಪ್ರಶ್ನೆ. ಈ ಪಾಠವನ್ನು ಮಾಡುವಾಗಲೆಲ್ಲ ತರಗತಿಯಲ್ಲಿ ಒಂದು ಸಂದೇಹ ಬಂದೇ ಬರುವುದು: “ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಸಾರ್. ವಿಮಾನ ಮೇಲೇರಿ ಸುಮ್ಮನೆ ನಿಂತರೆ ಸಾಲದೆ? ಅಮೆರಿಕವೇ ಕೆಳಗೆ ಬರುವುದಿಲ್ಲವೆ?” ಇದನ್ನು ಕೇಳಿ ನಗಬಾರದು. ಸುಮಾರು ಸಾವಿರದೈನೂರು ವರ್ಷಗಳ ಹಿಂದೆ ವರಾಹಮಿಹಿರನಂತಹ ಪಂಡಿತನೇ ತನ್ನ ಪಂಚಸಿದ್ಧಾಂತಿಕೆಯಲ್ಲಿ ಇದನ್ನೇ ಎತ್ತಿದ್ದನು. ಭೂಮಿ ತಿರುಗುವುದು ನಿಜವಾದರೆ ಗೂಡನ್ನು ಬಿಟ್ಟು ಮೇಲೆ ಹಾರಿದ ಹಕ್ಕಿಗಳು ಮತ್ತೆ ಗೂಡನ್ನು ಸೇರುವುದೆಂತು ಎಂಬುದು ಅವನ ಆಕ್ಷೇಪಣೆ. ಅದಕ್ಕೂ ಮುನ್ನವೇ ಆರ್ಯಭಟನು, ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮರಗಳು ಹಿಂದಕ್ಕೆ ಸರಿದಂತೆ ಕಾಣುವ ಹಾಗೆ, ತಿರುಗುವ ಭೂಮಿಯ ಮೇಲಿರುವ ನಮಗೆ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುವುವೆಂದು ಹೇಳಿದ್ದನು. ಆದರೂ ಹಕ್ಕಿಯ ಪ್ರಶ್ನೆ ಮೊನಚಾದ ಪ್ರಶ್ನೆಯೇ. ಬೆಂಗಳೂರಿನ ನೆಲವು ಗಂಟೆಗೆ ಸುಮಾರು ೧,೬೨೫ ಕಿಲೋಮೀಟರು ವೇಗದಿಂದ ಪೂರ್ವಕ್ಕೆ ಓಡುತ್ತಿದೆ. ಮೇಲೇರಿದವನು ಆ ಓಟದಿಂದ ಬಿಡುಗಡೆ ಹೊಂದುವನಾದರೆ, ಇಲ್ಲಿ ಹೆಲಿಕಾಪ್ಟರನ್ನೇರಿ ನಿಂತವನ ಕೆಳಕ್ಕೆ ಹನ್ನೊಂದೇ ನಿಮಿಷಗಳಲ್ಲಿ ಮಂಗಳೂರಿನ ಸೀಮೆ ಬರಬೇಕು! ಶಿರಾಡಿ ಘಾಟಿಯ ರಸ್ತೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗುತ್ತಿರಲಿಲ್ಲ.

ಹಾಗಾಗದಿರುವುದಕ್ಕೆ ಕಾರಣ, ವಾಯುಮಂಡಲವೂ ಭೂಮಿಯೊಡನೆಯೇ ತಿರುಗುತ್ತಿರುವುದು. ನೆಲದಿಂದ ಏಳುವ ವಿಮಾನವು ಆ ೧,೬೨೫ ಕಿಲೋಮೀಟರಿನ ವೇಗವನ್ನು ಇಟ್ಟುಕೊಂಡೇ ಏಳುವುದು. ಸುತ್ತಣ ಗಾಳಿಯೂ ಅದೇ ವೇಗದಲ್ಲಿರುವುದು. ಓಡುವ ರೈಲಿನೊಳಗೆ ಹಾರುವ ನೊಣವು ಹಿಂದಿನ ಗೋಡೆಗೆ ಬಡಿಯದಿರುವಂತೆ ಇದು. ವಿಮಾನಕ್ಕೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿ ಮಾತ್ರ. ಅದರ ವೇಗ ಗಂಟೆಗೆ ೯೦೦ ಕಿಲೋಮೀಟರು ಎಂದರೆ ಗಾಳಿಯಲ್ಲಿ ೯೦೦ ಕಿಲೋಮೀಟರು ಎಂದರ್ಥ. ಆ ಗಾಳಿಯೇ ಚಲಿಸುತ್ತಿದ್ದರೆ, ನೆಲದ ಮೇಲಿನ ಲೆಕ್ಕಕ್ಕೆ ಅದನ್ನು ಕೂಡಿಸಬೇಕು, ಇಲ್ಲವೆ ಕಳೆಯಬೇಕು.

ಗಾಳಿ ಚಲಿಸುತ್ತಿರುವುದು ಅಲ್ಪಸ್ವಲ್ಪ ವೇಗದಿಂದಲ್ಲ. ಜಪಾನಿನ ಪವನಶಾಸ್ತ್ರಜ್ಞನಾದ ವಸಾಬುರೊ ಓಯಿಶಿ ಎಂಬುವನು ೧೯೨೦ರ ದಶಕದಲ್ಲಿ ತಾತೆನೋ ವೀಕ್ಷಣಾಲಯದಿಂದ ಬೆಲೂನುಗಳನ್ನು ಹಾರಿಬಿಟ್ಟು, ಮೇಲಣ ವಾಯುಮಂಡಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಅತಿವೇಗದ ಗಾಳಿಯ ಹೊನಲೊಂದು ಹರಿಯುತ್ತಿರುವುದನ್ನು ಕಂಡನು. ಜಗತ್ತಿನ ಎಲ್ಲ ವಿಜ್ಞಾನಿಗಳಿಗೂ ತಿಳಿಯಲೆಂದು ಆತನು ಅದನ್ನು ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದನು. ಎಲ್ಲರ ಭಾಷೆಯೆಂದು ಆರಿಸಿಕೊಂಡ ಅದನ್ನು ಓದಬಲ್ಲವರು ಬಲು ವಿರಳ! ೧೯೪೪ರಲ್ಲಿ ಅಮೆರಿಕದ ಬಾಂಬರು ವಿಮಾನಗಳು ಜಪಾನಿನ ಮೇಲೆ ಅತಿ ಎತ್ತರದಲ್ಲಿ ಹಾರತೊಡಗಿ ಈ ಹೊನಲಿಗೆ ಸಿಕ್ಕಿ ತತ್ತರಿಸಿದಾಗಲೇ ಲೋಕಕ್ಕೆ ಅದರ ಪ್ರಭಾವ ಚೆನ್ನಾಗಿ ಮನವರಿಕೆಯಾದುದು. ಇದನ್ನು ಈಗ ಜೆಟ್ ಪ್ರವಾಹವೆನ್ನುವರು. ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿ, ಎಂದರೆ ವಿಮಾನಗಳು ಹಾರುವ ಮಟ್ಟದಲ್ಲಿಯೇ, ಚಳಿಗಾಲದಲ್ಲಿ ಇದರ ವೇಗ ಗಂಟೆಗೆ ೩೦೦ ಕಿಲೋಮೀಟರನ್ನೂ ಮೀರುವುದುಂಟು.

ಇದರ ಹುಟ್ಟಿನಲ್ಲಿ ಭೂಮಿಯ ತಿರುಗುವಿಕೆಗೆ ಪಾತ್ರವುಂಟು. ಬೆಂಗಳೂರಿನ ಅಕ್ಷಾಂಶದಲ್ಲಿ ೧,೬೨೫ ಕಿಲೋಮೀಟರಿನ ಪೂರ್ವವೇಗವಿದೆಯಷ್ಟೆ, ಸಾನ್ ಫ್ರಾನ್ಸಿಸ್ಕೋದ ಅಕ್ಷಾಂಶದಲ್ಲಿ ಅದು ೧,೩೨೦ರಷ್ಟು ಮಾತ್ರ, ಧ್ರುವದಲ್ಲಿ ಸೊನ್ನೆ. ಉಷ್ಣವಲಯದಲ್ಲಿ ಕಾದು ಮೇಲೇರಿ ಉತ್ತರಕ್ಕೆ ಸಾಗುವ ಗಾಳಿಯು ದಕ್ಷಿಣದ ಹೆಚ್ಚಿನ ವೇಗವನ್ನು ಹೊತ್ತುಕೊಂಡೇ ನಿಧಾನವಾದ ನೆಲದ ಮೇಲಕ್ಕೆ ಬರುವುದು. ಬಂದು ನೆಲವನ್ನು ಹಿಂದಿಕ್ಕಿ ಪೂರ್ವಕ್ಕೆ ಧಾವಿಸುವುದು. ಬಿಸಿಗಾಳಿಯೂ ಧ್ರುವದ ತಣ್ಣನೆಯ ಗಾಳಿಯೂ ಸಂಧಿಸುವ ಎಡೆಯಲ್ಲಿ ಈ ಓಟ ಇನ್ನೂ ತೀವ್ರವಾಗುವುದು. ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆ ಹೀಗೆ ಬೇರೊಂದು ಬಾಗಿಲಿನಿಂದ ಒಳಕ್ಕೆ ಬರುವುದು. ಭೂಮಿಯ ತಿರುಗುವಿಕೆ ವಿಮಾನದ ಕಾಲವನ್ನು ಬದಲಾಯಿಸುವುದು ನಿಜ. ಆದರೆ ಅದು ಪೂರ್ವಕ್ಕೆ ಹೋಗುವವನಿಗೆ ಸಹಾಯಕವಾಗಿ, ಅವನು ನೆನೆದುದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ!

೨೦೧೬ರ ಅಕ್ಟೋಬರಿನಲ್ಲಿ ನಡೆದುದನ್ನು ಕೇಳಿದರೆ ಈ ಹೊನಲಿನ ಬೆಲೆ ಎಷ್ಟೆಂಬುದು ತಿಳಿಯುವುದು. ಅದುವರೆಗೆ ದೆಹಲಿಯಿಂದ ಸಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನಗಳು ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಮಾರ್ಗವಾಗಿ ಸುಮಾರು ೧೩,೯೦೦ ಕಿಲೋಮೀಟರು ಹಾರುತ್ತಿದ್ದುವು. ಆ ತಿಂಗಳು ಪೂರ್ವಕ್ಕೆ ತಿರುಗಿ ಶಾಂತಸಾಗರದ ಮೇಲೆ ಹಾರಿಸಿ ನೋಡಿದರು. ದೂರ ೧೫,೩೦೦ ಕಿಲೋಮೀಟರಿಗೆ ಏರಿತು. ಎಂದರೆ ೧,೪೦೦ ಕಿಲೋಮೀಟರು ಹೆಚ್ಚು. ಆದರೆ ಪ್ರಯಾಣ ಮುಗಿದುದು ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ, ಹಿಂದಿನ ದಾರಿಗಿಂತ ಎರಡು ಗಂಟೆಗಳಷ್ಟು ಮೊದಲೇ! ಭಾಗಿಸಿ ನೋಡಿರಿ: ನೆಲದ ಮೇಲಿನ ಸರಾಸರಿ ವೇಗ ಗಂಟೆಗೆ ೧,೦೫೫ ಕಿಲೋಮೀಟರು. ವಿಮಾನದ ಸ್ವಂತ ವೇಗ ಸುಮಾರು ೯೦೦ ಆದುದರಿಂದ ಉಳಿದ ೧೫೦ಕ್ಕೂ ಮಿಕ್ಕ ವೇಗವನ್ನು ಗಾಳಿಯೇ ಬಿಟ್ಟಿಯಾಗಿ ಕೊಟ್ಟಿತು. ನದಿಯ ಸೆಳವು ಬಲವಾಗಿರುವಾಗ ಅಂಬಿಗನು ದೋಣಿಯನ್ನು ನೇರವಾಗಿ ಎದುರುದಡಕ್ಕೆ ನೂಕದೆ ಸೆಳವಿನೊಡನೆ ಒಂದಿಷ್ಟು ಬಿಟ್ಟು ಸಾಗಿಸುವುದನ್ನು ತುಂಗಭದ್ರೆಯ ತೀರದವರು ಬಲ್ಲರು.

ಬೆಂಗಳೂರಿನ ಒಂದೂಮುಕ್ಕಾಲು ಗಂಟೆಯ ಭೇದಕ್ಕೂ ಇದೇ ಉತ್ತರ. ಹೋಗುವಾಗ ಪೂರ್ವದ ಹೊನಲನ್ನು ಹಿಡಿದು ಹೋಗಬಹುದು. ಬರುವಾಗ ಅದನ್ನು ತಪ್ಪಿಸಿಕೊಳ್ಳಬೇಕು. ಧ್ರುವದ ಸುತ್ತಮುತ್ತ ಎದುರುಗಾಳಿ ಸಾಮಾನ್ಯವಾಗಿ ಮೆದುವಾಗಿರುವುದರಿಂದ ಹಿಂದಿರುಗುವ ವಿಮಾನಗಳಿಗೆ ಆ ದಾರಿ ಮೆಚ್ಚು. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೋಗುವಾಗ ದೊರೆತ ಗಾಳಿಯ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುವುದೆಂದು ಅನೇಕರು ಭಾವಿಸುವರು. ದೂರ ೧೪,೦೦೦ ಕಿಲೋಮೀಟರು, ವಿಮಾನದ ವೇಗ ೯೦೦, ಗಾಳಿಯ ವೇಗ ೧೦೦ ಇರಲಿ. ಹೋಗಲು ೧೪ ಗಂಟೆ, ಅದೇ ದಾರಿಯಲ್ಲಿ ಬರಲು ೧೭ ಗಂಟೆ ೩೦ ನಿಮಿಷ. ಒಟ್ಟು ೩೧ ಗಂಟೆ ೩೦ ನಿಮಿಷ. ಗಾಳಿಯೇ ಇಲ್ಲದಿದ್ದರೆ ೩೧ ಗಂಟೆ ೭ ನಿಮಿಷ. ಇಪ್ಪತ್ತಮೂರು ನಿಮಿಷ ನಷ್ಟ! ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಅದರ ಕಾಟವೂ ಹೆಚ್ಚು ಹೊತ್ತಿನದು.

ನಿಮಿಷಗಳಿಗೆ ಇಷ್ಟೇಕೆ ಲೆಕ್ಕವೆಂದರೆ, ಆಕಾಶದಲ್ಲಿ ಪ್ರತಿ ನಿಮಿಷವನ್ನೂ ನೆಲದಿಂದಲೇ ಹೊತ್ತುಕೊಂಡು ಹೋಗಬೇಕು. ಆ ಮೊದಲ ಪ್ರಯಾಣದ ಬೋಯಿಂಗ್ ೭೭೭-೨೦೦ಎಲ್‌ಆರ್ ಜಾತಿಯ ವಿಮಾನವು ೧,೮೧,೦೦೦ ಲೀಟರಿಗೂ ಮಿಕ್ಕು ಇಂಧನವನ್ನು ತುಂಬಿಕೊಳ್ಳಬಲ್ಲುದು. ಎಂದರೆ ಸುಮಾರು ೧೪೫ ಟನ್. ಏರುವಾಗ ಅದರ ಒಟ್ಟು ತೂಕದ ಮಿತಿ ೩೪೭ ಟನ್ ಆದುದರಿಂದ, ಹೊರಡುವ ವಿಮಾನದ ತೂಕದಲ್ಲಿ ನೂರಕ್ಕೆ ನಲವತ್ತು ಪಾಲು ಇಂಧನವೇ. ದೂರದ ಇಂಧನವನ್ನು ಹೊರುವುದಕ್ಕೇ ಇಂಧನ ಬೇಕು. ಹೊರಡುವಾಗ ೩೪೦ ಟನ್ ಇದ್ದುದು ಇಳಿಯುವಾಗ ೨೨೦ ಟನ್ನಿನ ಸುಮಾರಿಗೆ ಬರುವುದೆಂದರೆ, ಕೊನೆಯವರೆಗೆ ಒಯ್ಯುವ ಪ್ರತಿಯೊಂದು ಟನ್ನಿಗೂ ಇನ್ನರ್ಧ ಟನ್ ದಾರಿಯಲ್ಲಿ ಉರಿದುಹೋಗುವುದು. ತಾಯಿಯವರ ೨೩ ಕಿಲೋಗ್ರಾಮಿನ ಪೆಟ್ಟಿಗೆ ಕಡಲಾಚೆ ಮುಟ್ಟುವಷ್ಟರಲ್ಲಿ ಹನ್ನೆರಡು ಕಿಲೋಗ್ರಾಮಿನಷ್ಟು ಇಂಧನವನ್ನು ತಿಂದಿರಬೇಕು. ಅದರಲ್ಲಿ ಲೇಹ್ಯದ ಪಾಲೆಷ್ಟು, ಉಪ್ಪಿನಕಾಯಿಯ ಪಾಲೆಷ್ಟು ಎಂದು ನಾನು ಲೆಕ್ಕ ಹಾಕಹೋಗಲಿಲ್ಲ.

ಬೆಂಗಳೂರಿನವರು ತಮ್ಮ ಊರಿನ ಎತ್ತರವನ್ನೂ ಹವೆಯನ್ನೂ ಹೊಗಳಿಕೊಳ್ಳುವುದುಂಟು. ವಿಮಾನಕ್ಕೆ ಅದೂ ಒಂದು ತೊಡಕು. ೯೧೫ ಮೀಟರು ಎತ್ತರದ ನಿಲ್ದಾಣದಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ನೂರಕ್ಕೆ ಎಂಟು ಒಂಬತ್ತು ಪಾಲು ಕಡಿ�ಮೆ. ರೆಕ್ಕೆಗೆ ಎತ್ತುಗೆ ಕಡಿಮೆ, ಎಂಜಿನ್ನಿಗೂ ಗಾಳಿ ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನಷ್ಟು ಕಡಿಮೆ. ಸಮುದ್ರದ ಅಂಚಿನಲ್ಲಿಯೇ ಇರುವ ಸಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಈ ಕಷ್ಟವಿಲ್ಲ.

ಅಲ್ಲಿಂದ ಜನವರಿಯಲ್ಲಿ ಧ್ರುವದ ಕಡೆ ಹೊರಟವರಿಗೆ ಕಾದಿರುವ ತೊಂದರೆಯೇ ಬೇರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್ ಇಂಧನವು −೪೦° ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗಬಹುದು; ಧ್ರುವದ ಮೇಲಣ ಗಾಳಿಯೋ −೭೦° ವರೆಗೆ ಇಳಿಯುವುದುಂಟು. ಆದರೂ ಟಾಂಕಿಯೊಳಗಿನ ಇಂಧನ ಗಟ್ಟಿಯಾಗದಿರುವುದು ಹೇಗೆ? ವಿಮಾನವು ಶಬ್ದದ ವೇಗದ ನೂರಕ್ಕೆ ಎಂಬತ್ತನಾಲ್ಕರಷ್ಟು ವೇಗದಿಂದ ನುಗ್ಗುವಾಗ ಎದುರಿನ ಗಾಳಿ ಒತ್ತಲ್ಪಟ್ಟು ಬಿಸಿಯಾಗುವುದು. ಈ ಕಾರಣದಿಂದ −೭೦°ಯ ಗಾಳಿಯೂ ರೆಕ್ಕೆಯ ಅಂಚಿನಲ್ಲಿ −೪೧°ಯಷ್ಟಾಗುವುದು. ಅಂಚಿನ ಮೇಲೆ ನಡೆಯುವ ಕೆಲಸವಿದು! ಇಂಧನದ ಉಷ್ಣತೆ ಮಿತಿಗೆ ಸಮೀಪಿಸಿದರೆ ಚಾಲಕರು ಬೆಚ್ಚಗಿನ ಗಾಳಿಯನ್ನು ಅರಸಿ ಕೆಳಗಿಳಿಯುವರು, ಇಲ್ಲವೆ ವೇಗವನ್ನು ಹೆಚ್ಚಿಸುವರು. ಚಳಿಯಾದಾಗ ಬೇಗ ಬೇಗ ನಡೆದು ಮೈ ಬಿಸಿ ಮಾಡಿಕೊಳ್ಳುವ ನಮ್ಮ ಉಪಾಯವೇ ಅಲ್ಲಿಯೂ ಫಲಿಸುವುದೆಂದು ತಮಾಷೆಗೆ ಹೇಳಬಹುದು, ಕಾರಣ ಬೇರೆಯಾದರೂ. ಅಷ್ಟು ಉತ್ತರದಲ್ಲಿ ಕಾಂತಸೂಜಿಯನ್ನು ನಂಬುವಂತಿಲ್ಲ. ಸಮಭಾಜಕದ ಮೇಲೆ ನಿಂತ ಸಂಪರ್ಕ ಉಪಗ್ರಹಗಳು ೮೨ನೆಯ ಅಕ್ಷಾಂಶದಾಚೆ ದಿಗಂತದ ಕೆಳಗೆ ಮರೆಯಾಗಿರುವುವು. ಇವಕ್ಕೆಲ್ಲ ಬೇರೆ ಏರ್ಪಾಡುಗಳುಂಟು.

ತಾಯಿಯವರು ಸಂಕ್ರಾಂತಿಗೆ ಕೆಲವು ದಿನ ಮುಂಚೆ ಹಿಂದಿರುಗಿದರು. ಶನಿವಾರ ರಾತ್ರಿ ಅಲ್ಲಿ ಹತ್ತಿ ಸೋಮವಾರ ನಸುಕಿನಲ್ಲಿ ಇಲ್ಲಿ ಇಳಿದ ಅವರ ಮೊದಲ ದೂರು, “ನನ್ನ ಭಾನುವಾರ ಎಲ್ಲಿ ಹೋಯಿತು?” ಎಂಬುದು. ಭಾನುವಾರವು ಕಳೆದುಹೋಗಿರಲಿಲ್ಲ, ವಿಮಾನದಲ್ಲಿಯೇ ಕಳೆದಿದ್ದಿತು. ಹೊರಟಾಗ ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆ. ಎಲ್ಲ ರೇಖಾಂಶಗಳೂ ಕೂಡುವ ಧ್ರುವದ ಬಳಿ ಈಗ ಗಂಟೆ ಎಷ್ಟೆಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅದನ್ನು ಬಳಸಿ ಆಚೆ ಇಳಿದವರು ದಿನರೇಖೆಯ ತಂಟೆಯಿಲ್ಲದೆಯೇ ಭಾರತದ ದಿನಾಂಕವನ್ನು ಸೇರಿಬಿಡುವರು.

ಅವರು ಹೇಳಿದ ಇನ್ನೊಂದು ಮಾತನ್ನು ನಾನು ಮೊದಲು ನಂಬಲಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರೂ ದಾರಿಯುದ್ದಕ್ಕೂ ಕತ್ತಲೆಯೇ ಇದ್ದಿತಂತೆ. ನಿದ್ದೆ ಹೋಗಿದ್ದಿರಬೇಕೆಂದುಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದೆನು. ಸಾನ್ ಫ್ರಾನ್ಸಿಸ್ಕೋದಲ್ಲಿ ಶನಿವಾರ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗಿದ್ದನು. ಆರೂವರೆ ಗಂಟೆ ಹಾರಿ ಧ್ರುವವನ್ನು ಸಮೀಪಿಸಿದರೆ ಅಲ್ಲಿ ಮಾರ್ಚಿಯವರೆಗೆ ಸೂರ್ಯೋದಯವಿಲ್ಲ. ಆಚೆಯ ಮಗ್ಗುಲಲ್ಲಿ ಇಳಿಯುತ್ತ ಸೈಬೀರಿಯದ ನೆತ್ತಿಯನ್ನು ಮುಟ್ಟುವ ಹೊತ್ತಿಗೆ ಅಲ್ಲಿ ಭಾನುವಾರದ ಸಂಜೆ ಕಳೆದು ಕತ್ತಲಾಗಿರುವುದು. ಬೆಂಗಳೂರಿನಲ್ಲಿ ಇಳಿದುದು ಸೋಮವಾರದ ಸೂರ್ಯೋದಯಕ್ಕೆ ಮೂರು ಗಂಟೆ ಮೊದಲು. ತಂಗಿಯ ಮನೆಯಲ್ಲಿ ಸೂರ್ಯಾಸ್ತವನ್ನು ಕಂಡ ಅವರು ನಮ್ಮ ಮನೆಯ ಅಂಗಳದಲ್ಲಿ ಸೂರ್ಯೋದಯವನ್ನು ಕಾಣುವಷ್ಟರಲ್ಲಿ ಸರಿಯಾಗಿ ಒಂದು ದಿನದಷ್ಟು ಹೊತ್ತು ಕಳೆದಿದ್ದಿತು. ಭಾನುವಿಲ್ಲದ ಭಾನುವಾರ! ಲೆಕ್ಕವನ್ನು ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಒಮ್ಮೆ ನೋಡಿ, “ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ. ಇಷ್ಟು ಬರೆಯಬೇಕಿತ್ತೆ?” ಎಂದು ಒಳಕ್ಕೆ ನಡೆದರು.